ಕ್ಯಾಂಪ್‌ನ ಟ್ರಂಕ್ ಅಂಗಡಿಯಲ್ಲಿ ಅಪ್ಪನ ಮೆಡಲ್ ಕಟ್ಟಿಸಿದೆವು

ಮನೆಯಲ್ಲಿ ಯಾರಾದರೂ ಮಿಲಿಟರಿಯಿಂದ ರಿಟೈರ್ ಆಗಿ ಬಂದವರಿದ್ದಾರಾ? ಅವರ ಮೆಡಲ್‌ಗಳು ಟ್ರಂಕಿನ ತಳದಲ್ಲಿ ಹಳೆ ಕರವಸ್ತ್ರ ಸುತ್ತಿಕೊಂಡು ಬಿದ್ದಿದ್ದಾವಾ? ಹಾಗಿದ್ದರೆ ಅವನ್ನು ಎತ್ತಿಕೊಂಡು ಬೆಳಗಾವಿಯ ಮಿಲಿಟರಿ ಏರಿಯಾ ಆದ ಕ್ಯಾಂಪ್‌ಗೆ ಹೋಗಿ. ಅಲ್ಲಿನ ಬಜಾರಿನಲ್ಲಿ ಮಿಲಿಟರಿ ಸಾಮಾನು ಮಾರುವ ಅಂಗಡಿ ಒಂದೇ ಅಲ್ಲ. ನಾನು ಹೇಳುತ್ತಿರುವುದು ಬಾಗಿಲ ಹೊರಗೆ ಕಪ್ಪು ಟ್ರಂಕ್‌ಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುವ ಅಂಗಡಿ. ಬೋರ್ಡಿನ ಬಣ್ಣ ಪೂರ್ತಿ ಹೋಗಿದೆ, ಹೆಸರು ಓದಲು ಬರುವುದಿಲ್ಲ. ಆಟೋದವರಿಗೆ ಟ್ರಂಕಿಗೆ ಹೆಸರು ಬರೆಯುವ ಅಂಗಡಿ ಅಂದರೆ ಸಾಕು, ಬಿಟ್ಟು ಹೋಗುತ್ತಾರೆ.

ನಾವು ಬೈಲಹೊಂಗಲ ತಾಲೂಕಿನವರು. ಅಪ್ಪ 1988ರಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಭರ್ತಿಯಾಗಿ 2012ರಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದರು. ಹೆಸರಲ್ಲಿ ಮರಾಠಾ ಅಂತ ಇದ್ದರೂ ಈ ರೆಜಿಮೆಂಟಿನಲ್ಲಿ ನಮ್ಮ ಕಡೆಯ ಕನ್ನಡದ ಹುಡುಗರೂ ಇದ್ದಾರೆ. ಕಳೆದ ವರ್ಷ ಊರಿನ ಹೈಸ್ಕೂಲಿನವರು ಆಗಸ್ಟ್ 15ಕ್ಕೆ ಧ್ವಜ ಹಾರಿಸಲು ಅಪ್ಪನನ್ನು ಕರೆದರು. ಹದಿಮೂರು ವರ್ಷ ಹೊಲ, ಎತ್ತು, ಸೊಸೈಟಿ ಸಾಲ ಅಂತ ಓಡಾಡಿದ ಮನುಷ್ಯ ಅವತ್ತು ರಾತ್ರಿ ಊಟ ಆದ ಮೇಲೆ ಟ್ರಂಕ್ ತೆಗೆದು ಕೂತರು. ಆರು ಮೆಡಲ್ ಇದ್ದವು. ರಿಬ್ಬನ್‌ಗಳನ್ನು ಹುಳ ತಿಂದಿದ್ದವು. ಟೊಪ್ಪಿಗೆಯ ಬ್ಯಾಡ್ಜ್ ಕಳೆದುಹೋಗಿತ್ತು.

ಬ್ಯಾಡ್ಜಿನ ವಿಷಯದಲ್ಲಿ ಒಂದು ಸಲ ಮೋಸ ಹೋಗಿದ್ದೆವು, ಅದನ್ನು ಹೇಳಲೇಬೇಕು. ಎರಡು ವರ್ಷದ ಹಿಂದೆ ಬೇರೆ ಊರಿನ ಒಂದು ಅಂಗಡಿಯಲ್ಲಿ ನಾನೇ ಹೋಗಿ ಮರಾಠಾ ಬ್ಯಾಡ್ಜ್ ಕೊಡಿ ಅಂದಿದ್ದೆ. ಕೊಟ್ಟರು. ಕಹಳೆ ಇತ್ತು, ಮೇಲೆ ಅಶೋಕ ಸಿಂಹ ಇತ್ತು, ನನಗೆ ಸರಿ ಕಂಡಿತು. ಮನೆಗೆ ತಂದು ಕೊಟ್ಟಾಗ ಅಪ್ಪ ಕೈಯಲ್ಲಿ ಹಿಡಿದು ಒಂದೇ ಕ್ಷಣ ನೋಡಿದರು. "ಇದು ನಮ್ಮದಲ್ಲವ್ವಾ, ರಾಜರಿಫ್‌ದು" ಅಂದರು. ರಾಜಪೂತಾನಾ ರೈಫಲ್ಸ್‌ನ ಬ್ಯಾಡ್ಜಿನಲ್ಲೂ ಕಹಳೆ ಇದೆ, ಆದರೆ ಅದರ ಜೊತೆಗಿರುವುದು ಅಡ್ಡಡ್ಡ ಇಟ್ಟ ಎರಡು ಕಟಾರಿ. ಮರಾಠಾದ್ದರಲ್ಲಿ ಕಹಳೆಯ ಜೊತೆಗೆ ಎರಡು ಕತ್ತಿ, ಒಂದು ಗುರಾಣಿ. ಅಪ್ಪ ಸಿಟ್ಟು ಮಾಡಲಿಲ್ಲ, ಅದನ್ನು ಹಾಕಿಕೊಳ್ಳಲೂ ಇಲ್ಲ. ಇನ್ನೊಬ್ಬರ ಪಲ್ಟನ್ನಿನ ಗುರುತು ತಮ್ಮ ತಲೆಯ ಮೇಲೆ ಕೂರಬಾರದು ಅಂತ ಅದನ್ನು ಶುಭ್ರ ಬಟ್ಟೆಯಲ್ಲಿ ಸುತ್ತಿ ತೆಗೆದಿಟ್ಟರು. ಆ ಅಂಗಡಿಯವರು ಅವತ್ತು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ದುಡ್ಡು ಎಣಿಸಿಕೊಂಡರು, ಅಷ್ಟೇ.

ಕ್ಯಾಂಪ್‌ನ ಈ ಅಂಗಡಿಯಲ್ಲಿ ಶುರುವಾಗಿದ್ದೇ ಪ್ರಶ್ನೆಯಿಂದ. ಜುಲೈ ತಿಂಗಳು, ಬೆಳಗಾವಿ ಮಳೆ ಹೇಗಿರುತ್ತದೆ ಅಂತ ಗೊತ್ತಲ್ವಾ, ಛತ್ರಿ ಇದ್ದೂ ಇಲ್ಲದ ಹಾಗೆ ನೆನೆದುಕೊಂಡು ಒಳಗೆ ಹೋದೆವು. ಕೌಂಟರಿನ ಹಿಂದೆ ಎಪ್ಪತ್ತರ ಹತ್ತಿರದ ಒಬ್ಬರು ಕಾಕಾ, ಅವರ ಮೊಮ್ಮಗ ಇರಬೇಕು ಒಬ್ಬ ಹುಡುಗ, ಮೂಲೆಯಲ್ಲಿ ಹೊಲಿಗೆ ಮಷಿನ್. ನಾನು ಚೀಲ ಬಿಚ್ಚುವ ಮೊದಲೇ ಕಾಕಾ ಅಪ್ಪನ ನಿಂತ ರೀತಿ ನೋಡಿ "ಯಾವ ಪಲ್ಟನ್ ರೀ?" ಅಂದರು. ಅಪ್ಪ ಹೇಳಿದರು. "ಎಷ್ಟು ಪಟ್ಟಿ?" ತೋಳಿನ ಮೇಲೆ ದರ್ಜೆ ತೋರಿಸುವ ಪಟ್ಟಿ ಅದು. ಮೂರು ಅಂದರು. "ಕಾಗದ ತಂದೀರೇನ್ರಿ?" ಸೇವೆಯ ವಿವರವೆಲ್ಲ ಇರುವ ಡಿಸ್ಚಾರ್ಜ್ ಬುಕ್ ಮತ್ತು ಮಾಜಿ ಸೈನಿಕರ ಗುರುತಿನ ಚೀಟಿ ಕೊಟ್ಟೆವು. ಕನ್ನಡಕ ಹಾಕಿಕೊಂಡು ಡಿಸ್ಚಾರ್ಜ್ ಬುಕ್ಕಿನ ಮೆಡಲ್ ಪುಟವನ್ನು ಬೆರಳಿಟ್ಟು ಓದಿದರು. ನಮ್ಮ ಚೀಲದಲ್ಲಿದ್ದ ಆರಕ್ಕೂ ಅಲ್ಲಿ ಬರೆದ ಆರಕ್ಕೂ ತಾಳೆ ಹಾಕಿದ ಮೇಲೆಯೇ ಕೆಲಸ ಒಪ್ಪಿಕೊಂಡರು.

ನನಗೆ ಮೊದಲು ಇದು ಅತಿಯಾಯಿತು ಅನಿಸಿತು. ಮಳೆಯಲ್ಲಿ ಎರಡು ಬಸ್ ಬದಲಿಸಿ ಬಂದವರನ್ನು ನಿಲ್ಲಿಸಿ ಕಾಗದ ಕೇಳುತ್ತಾರಲ್ಲ ಅಂತ. ಅಷ್ಟರಲ್ಲಿ ಒಬ್ಬ ಕಾಲೇಜು ಹುಡುಗ ಬಂದ. ಗ್ಯಾದರಿಂಗ್‌ನಲ್ಲಿ ನಾಟಕ ಇದೆ, ಚುಕ್ಕೆ ಚುಕ್ಕೆಯ ಹೊಸ ಡ್ರೆಸ್ಸು ಬೇಕು, ತೋಳಿಗೆ ಮೂರು ಪಟ್ಟಿ ಬೇಕು ಅಂದ. ಕಾಕಾ ಅವನಿಗೆ ಬೈಯಲಿಲ್ಲ. ಆ ಹೊಸ ಕಾಂಬ್ಯಾಟ್ ಡ್ರೆಸ್ 2022ರ ಜನವರಿ 15ರಂದು ಸೇನಾ ದಿನದ ಪರೇಡಿನಲ್ಲಿ ಮೊದಲು ಕಂಡಿದ್ದು, ಅದರ ವಿನ್ಯಾಸವನ್ನು ಸೇನೆ ತನ್ನ ಹೆಸರಿಗೆ ನೋಂದಾಯಿಸಿಕೊಂಡಿದೆ, ಹೊರಗಿನ ಅಂಗಡಿಯಲ್ಲಿ ಮಾರುವ ಹಾಗಿಲ್ಲ ಅಂತ ಸಮಾಧಾನವಾಗಿ ಹೇಳಿದರು. ಒಂದು ಸಾದಾ ಹಸಿರು ಅಂಗಿ ಕೊಟ್ಟರು. ಪಟ್ಟಿ ಮಾತ್ರ ಕೊಡಲಿಲ್ಲ. "ಪಟ್ಟಿ ಹಂಗ ಕೊಡಾಕ ಬರಂಗಿಲ್ಲಪಾ. ಅದನ್ನ ಗಳಿಸಬೇಕು" ಅಂದರು. ಆಮೇಲೆ ಅಪ್ಪನ ಕಡೆ ತಿರುಗಿ, "ಹೌದಿಲ್ರೀ ಉಸ್ತಾದ್?" ಅಂದರು.

ಉಸ್ತಾದ್ ಅಂದ ಕೂಡಲೇ ಅಪ್ಪನ ಮುಖ ಬದಲಾಯಿತು. ಊರಲ್ಲಿ ಎಲ್ಲರೂ ಅಪ್ಪನಿಗೆ ಮಿಲಿಟರಿ ಸಾಹೇಬ್ರು ಅಂತಾರೆ. ಆದರೆ ಪಲ್ಟನ್ನಿನಲ್ಲಿ ಸಾಬ್ ಅನ್ನುವುದು ಜೆಸಿಓಗಳಿಗೆ, ಅಂದರೆ ಹವಾಲ್ದಾರರಿಗೂ ಆಫೀಸರುಗಳಿಗೂ ನಡುವೆ ಇರುವ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರರಿಗೆ. ಕಲಿಸುವ ಹವಾಲ್ದಾರನಿಗೆ ಉಸ್ತಾದ್ ಅನ್ನುವುದೇ ರೂಢಿ. ಅಪ್ಪ ಕೊನೆಯ ಕೆಲವು ವರ್ಷ ಇದೇ ಬೆಳಗಾವಿಯಲ್ಲಿರುವ ರೆಜಿಮೆಂಟಿನ ಟ್ರೇನಿಂಗ್ ಸೆಂಟರಿನಲ್ಲಿ ರಂಗರೂಟರಿಗೆ, ಅಂದರೆ ಹೊಸದಾಗಿ ಭರ್ತಿಯಾದ ಹುಡುಗರಿಗೆ ಕಲಿಸುತ್ತಿದ್ದರು. ಡಿಸ್ಚಾರ್ಜ್ ಬುಕ್ಕಿನಲ್ಲಿ ಅದನ್ನೂ ಓದಿಯೇ ಕಾಕಾ ಹಾಗೆ ಕರೆದದ್ದು.

ಈಗ ಕೆಲಸದ ವಿಷಯ. ಮೆಡಲ್ ಕಟ್ಟುವುದು ಎರಡು ರೀತಿ. ಒಂದು, ಪಟ್ಟಿಯ ಮೇಲಿಂದ ಮೆಡಲ್ ತೂಗಾಡುವ ಹಾಗೆ. ಇನ್ನೊಂದು ಕೋರ್ಟ್ ಮೌಂಟಿಂಗ್, ಅಂದರೆ ಹಿಂದೆ ಗಟ್ಟಿ ಹಲಗೆಯಂಥ ಬಟ್ಟೆ ಇಟ್ಟು ರಿಬ್ಬನ್ನನ್ನು ಕೆಳತನಕ ಇಳಿಸಿ ಮೆಡಲ್ಲನ್ನು ಅದರ ಮೇಲೆ ಹೊಲಿದು ಕೂರಿಸುವುದು. ನಡೆದಾಗ ಒಂದಕ್ಕೊಂದು ಬಡಿದು ಗೀರು ಬೀಳುವುದಿಲ್ಲ. ನಾವು ಎರಡನೆಯದನ್ನೇ ಮಾಡಿಸಿದೆವು. ಆರು ಮೆಡಲ್‌ಗೆ ಹೊಸ ರಿಬ್ಬನ್ ಸೇರಿ 1,450 ರೂಪಾಯಿ ಆಯಿತು. ಬ್ಯಾಡ್ಜ್ ಬೇರೆ, ಗೋಡೆಯ ಫ್ರೇಮ್ ಬೇರೆ.

ದುಡ್ಡಿಗಿಂತ ನನಗೆ ಮುಖ್ಯ ಅನಿಸಿದ್ದು ಅವರು ಮೆಡಲ್‌ಗಳನ್ನು ಜೋಡಿಸಿದ ಕ್ರಮ. ಇದಕ್ಕೆ ಸರ್ಕಾರದ್ದೇ ಒಂದು ಕ್ರಮ ಇದೆ, ನಮಗೆ ಚೆಂದ ಕಂಡ ಹಾಗೆ ಇಡುವಂತಿಲ್ಲ. ಎದೆಯ ಎಡಭಾಗದಲ್ಲಿ ಹಾಕಿಕೊಳ್ಳಬೇಕು, ಎದೆಯ ನಡುವಿಗೆ ಹತ್ತಿರ ಇರುವುದೇ ದೊಡ್ಡದು. ಅಪ್ಪನ ಸಾಲಿನಲ್ಲಿ ಮೊದಲು ಆಪರೇಷನ್ ಪರಾಕ್ರಮ್, ಅಂದರೆ 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿ ಆದ ಮೇಲೆ ಸೇನೆ ಗಡಿಯಲ್ಲಿ ತಿಂಗಳುಗಟ್ಟಲೆ ನಿಂತಿತ್ತಲ್ಲ, ಆಗಿನದು. ಆಮೇಲೆ ಸೈನ್ಯ ಸೇವಾ, ಅದರ ಪಕ್ಕ ಎತ್ತರದ ಹಿಮದ ಜಾಗದಲ್ಲಿ ಇದ್ದದ್ದಕ್ಕೆ ಕೊಟ್ಟಿದ್ದು. ನಾಲ್ಕನೆಯದು ಸ್ವಾತಂತ್ರ್ಯದ ಐವತ್ತನೇ ವರ್ಷದ ಮೆಡಲ್, 1997ರ ಆಗಸ್ಟ್ 15ರಂದು ಸೇವೆಯಲ್ಲಿದ್ದ ಎಲ್ಲರಿಗೂ ಸಿಕ್ಕಿದೆ. ಕೊನೆಗೆ 20 ವರ್ಷದ ಸೇವೆಯದ್ದು, ಅದರ ನಂತರ 9 ವರ್ಷದ್ದು. ನಾನು ಮೊದಲು ಬಂದಿದ್ದನ್ನು ಮೊದಲು ಇಡುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ, ಇಪ್ಪತ್ತು ಮೊದಲು, ಒಂಬತ್ತು ಆಮೇಲೆ. ಇದೊಂದು ನೆನಪಿಡಿ, ಮನೆಯಲ್ಲಿ ನೀವೇ ಫ್ರೇಮ್ ಮಾಡುವಾಗ ಜಾಸ್ತಿ ತಪ್ಪಾಗುವುದು ಇಲ್ಲೇ.

ಇನ್ನೊಂದು ಮಾತು. ನಾನು ಬರುವ ಮೊದಲು ಮೆಡಲ್‌ಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಲು ಹೊರಟಿದ್ದೆ, ಅವ್ವ ಬೇಡ ಅಂದಿದ್ದಳು. ಅವ್ವ ಹೇಳಿದ್ದೇ ಸರಿಯಾಯಿತು. ಮೆಡಲ್‌ನ ಅಂಚಿನಲ್ಲಿ ಸೈನಿಕನ ನಂಬರ್, ದರ್ಜೆ, ಹೆಸರು ಕೊರೆದಿರುತ್ತಾರೆ. ತಿಕ್ಕಿ ತಿಕ್ಕಿ ಅದು ಸವೆದರೆ ಮತ್ತೆ ಬರುವುದಿಲ್ಲ. ಕಾಕಾ ಮೆತ್ತನೆಯ ಒಣ ಬಟ್ಟೆಯಲ್ಲಷ್ಟೇ ಒರೆಸಿದರು. ಆಮೇಲೆ ಭೂತಗನ್ನಡಿ ತಂದು ಒಂದೊಂದರ ಅಂಚನ್ನೂ ನನಗೆ ಓದಿಸಿದರು. ಒಂಬತ್ತು ವರ್ಷದ್ದರಲ್ಲಿ ಸಿಪಾಯಿ. ಪರಾಕ್ರಮದ್ದರಲ್ಲಿ ನಾಯಕ್. ಇಪ್ಪತ್ತು ವರ್ಷದ್ದರಲ್ಲಿ ಹವಾಲ್ದಾರ್. ಹೆಸರೂ ಅದೇ, ನಂಬರೂ ಅದೇ, ಹೆಸರಿನ ಜೊತೆಗಿನ ದರ್ಜೆ ಮಾತ್ರ ಬೇರೆ. ಇಷ್ಟು ವರ್ಷ ಆ ಮೆಡಲ್‌ಗಳು ನಮ್ಮ ಮನೆಯಲ್ಲೇ ಇದ್ದವು, ನಾನು ಒಂದು ಸಲವೂ ಅಂಚು ತಿರುಗಿಸಿ ನೋಡಿರಲಿಲ್ಲ.

ಅವತ್ತು ಹೊಲಿಗೆಗೆ ಎರಡು ಗಂಟೆ ಹಿಡಿಯಿತು. ಚಹಾ ಬಂತು. ಹುಡುಗ ಡ್ರಾಯರ್ ಎಳೆದು ಬ್ಯಾಡ್ಜ್‌ಗಳನ್ನು ತೋರಿಸಿದ. ಮದ್ರಾಸ್ ರೆಜಿಮೆಂಟಿನ ಆನೆ, ಅದು 1803ರ ಅಸ್ಸಾಯೆ ಯುದ್ಧದಿಂದ ಬಂದಿದ್ದು. ಗೂರ್ಖಾಗಳ ಅಡ್ಡಡ್ಡ ಖುಕ್ರಿ. ಡೋಗ್ರಾ ಹುಲಿ. ಗ್ರೆನೇಡಿಯರ್ಸ್‌ನ ಉರಿಯುವ ಗುಂಡು, ಅದರ ಮೇಲೆ ಪುಟ್ಟ ಕುದುರೆ. ಮರಾಠಾದ್ದಕ್ಕೆ ಬಂದಾಗ ಕಹಳೆ ಯಾಕೆ ಅಂತ ಕೇಳಿದೆ. ಲೈಟ್ ಇನ್‌ಫೆಂಟ್ರಿ ಅಂದರೆ ಹಗುರ ಸಾಮಾನು ಹೊತ್ತು ಚುರುಕಾಗಿ ಚದುರಿ ಹೋಗಿ ಕಾದಾಡುವ ಪಡೆ. ಹಾಗೆ ಚದುರಿದವರಿಗೆ ಮಾತು ಕೇಳುವುದಿಲ್ಲ, ಹುಕುಂ ಕಹಳೆಯಲ್ಲೇ ಹೋಗಬೇಕಿತ್ತು. ಅದಕ್ಕೇ ಗುರುತೂ ಅದೇ ಆಯಿತು. ಈ ರೆಜಿಮೆಂಟಿನ ಅತಿ ಹಳೆಯ ಪಲ್ಟನ್ 1768ರದು, ಜಂಗಿ ಪಲ್ಟನ್ ಅಂತಾರೆ. ಕಾಳಿ ಪಾಂಚ್ವೀಂ ಅನ್ನುವ ಇನ್ನೊಂದು ಪಲ್ಟನ್ ಬಲೂಚಿಸ್ತಾನದ ಕಾಹನ್ ಕೋಟೆಯನ್ನು ತಿಂಗಳುಗಟ್ಟಲೆ ಬಿಡದೆ ಕಾಯ್ದಿದ್ದಕ್ಕೆ 1841ರಲ್ಲಿ ಲೈಟ್ ಇನ್‌ಫೆಂಟ್ರಿ ಅನ್ನುವ ಗೌರವ ಪಡೆಯಿತು. ಟ್ರೇನಿಂಗ್ ಸೆಂಟರ್ ಬೆಳಗಾವಿಗೆ ಬಂದಿದ್ದು 1922ರಲ್ಲಿ.

ಆ ಹುಡುಗ ಇನ್ನೊಂದು ಚೆನ್ನಾಗಿ ತಿಳಿಸಿಕೊಟ್ಟ. ಭುಜದ ಮೇಲೆ ಎರಡು ನಕ್ಷತ್ರ ಇದ್ದರೆ ಲೆಫ್ಟಿನೆಂಟ್ ಅಂತ ನಾವು ಹೇಳಿಬಿಡುತ್ತೇವೆ. ಆದರೆ ಸುಬೇದಾರರಿಗೂ ಎರಡೇ ನಕ್ಷತ್ರ. ವ್ಯತ್ಯಾಸ ಇರುವುದು ಕೆಂಪು, ಹಳದಿ, ಕೆಂಪು ಬಣ್ಣದ ಒಂದು ಸಣ್ಣ ಅಡ್ಡಪಟ್ಟಿಯಲ್ಲಿ. ಅದು ಇದ್ದರೆ ಜೆಸಿಓ, ಇಲ್ಲದಿದ್ದರೆ ಆಫೀಸರ್. ಮೇಜರ್‌ಗೂ ಸುಬೇದಾರ್ ಮೇಜರ್‌ಗೂ ಅಶೋಕ ಸಿಂಹ ಒಂದೇ, ಅಲ್ಲೂ ಆ ಅಡ್ಡಪಟ್ಟಿಯೇ ಗುರುತು. ತೋಳಿನ ಮೇಲಿನ ಪಟ್ಟಿ ಸುಲಭ: ಲ್ಯಾನ್ಸ್ ನಾಯಕ್ ಒಂದು, ನಾಯಕ್ ಎರಡು, ಹವಾಲ್ದಾರ್ ಮೂರು, ಮೊನೆ ಕೆಳಗೆ.

ಒಂದೊಂದು ಪಟ್ಟಿಯ ಹಿಂದೆ ಏನಿದೆ ಅಂತ ಅಪ್ಪ ಹೇಳಿದ್ದು ಅಲ್ಲೇ, ಆ ಅಂಗಡಿಯ ಸ್ಟೂಲಿನ ಮೇಲೆ ಕೂತು, ಕಾಕಾ ಕೇಳಿದ್ದಕ್ಕೆ. ಮನೆಯಲ್ಲಿ ಇದನ್ನೆಲ್ಲ ಯಾವತ್ತೂ ಹೇಳಿದವರಲ್ಲ. ಸುಮ್ನೆ ವರ್ಷ ಕಳೆದರೆ ಪಟ್ಟಿ ಬರುತ್ತದೆ ಅಂತ ನಾನೂ ತಿಳಿದಿದ್ದೆ. ಹಾಗಿಲ್ಲ. ಕೇಡರ್, ಅಂದರೆ ಬಡ್ತಿಯ ತರಬೇತಿ ಮತ್ತು ಪರೀಕ್ಷೆ, ಪಾಸ್ ಆಗಬೇಕು. ಅಪ್ಪನ ಕಾಲದ ಕೇಡರಿನಲ್ಲಿ ಬೆಳಿಗ್ಗೆ ಮೊದಲ ಕೆಲಸ ಗಂಟಲಿನದು. ಇಬ್ಬಿಬ್ಬರನ್ನು ಮೈದಾನದ ಎರಡು ತುದಿಗೆ ನಿಲ್ಲಿಸುತ್ತಾರೆ, ಈ ತುದಿಯವನು ಸಾವಧಾನ್ ಅಂದರೆ ಆ ತುದಿಯವನ ಕಾಲು ಬೀಳಬೇಕು, ತೇಜ್ ಚಲ್ ಅಂದರೆ ನಡೆಯಬೇಕು, ನಡುವೆ ಬೇರೆ ಹತ್ತು ಜೋಡಿ ಕೂಗುತ್ತಿರುತ್ತವೆ, ಅದರೊಳಗಿಂದ ನಿನ್ನ ಹುಕುಂ ನಿನ್ನ ಜೋಡಿಗೆ ಮುಟ್ಟಬೇಕು. ಬೈಲಹೊಂಗಲದಿಂದ ಹೋದ ಹುಡುಗನಿಗೆ ಹಿಂದಿಯೇ ಹೊಸದು. ಮೊದಲ ವಾರ ಧ್ವನಿ ಕಟ್ಟಿ ಮಾತೇ ಹೊರಡುತ್ತಿರಲಿಲ್ಲವಂತೆ.

ಆಮೇಲೆ ನಕ್ಷೆ ಓದುವುದು. ದಿಕ್ಸೂಚಿ ಹಿಡಿದು ರಾತ್ರಿ ನಡೆದು ಹೇಳಿದ ಜಾಗ ಮುಟ್ಟುವುದು, ಟಾರ್ಚ್ ಇಲ್ಲ. ಮರಳಿನಲ್ಲಿ ಗುಡ್ಡ, ಹಳ್ಳ, ದಾರಿ ಮಾಡಿ, ಇಂಥಲ್ಲಿ ಶತ್ರು ಇದ್ದಾನೆ, ನಿನ್ನ ಸೆಕ್ಷನ್ ಹೇಗೆ ಒಯ್ಯುತ್ತೀಯಾ ಹೇಳು ಅಂತ ಕೇಳುವುದು. ಸೆಕ್ಷನ್ ಅಂದರೆ ಹತ್ತು ಜನ. ಎಲ್ಲಕ್ಕಿಂತ ಕಷ್ಟ ಪಾಠ ಹೇಳುವ ಪರೀಕ್ಷೆ. ರೈಫಲ್ ಬಿಚ್ಚಿ ಜೋಡಿಸಲು ಎಲ್ಲರಿಗೂ ಬರುತ್ತದೆ. ಅದನ್ನು ಗೊತ್ತಿಲ್ಲದವನಿಗೆ ಅರ್ಥ ಆಗುವ ಹಾಗೆ, ಒಂದು ಹೆಜ್ಜೆಯನ್ನೂ ಬಿಡದೆ ಕಲಿಸಬೇಕು, ಹಿಂದೆ ನಿಂತ ಉಸ್ತಾದ್ ನಂಬರ್ ಹಾಕುತ್ತಿರುತ್ತಾನೆ. ಅಪ್ಪ ಮೊದಲ ಸಲ ಅದರಲ್ಲಿ ಫೇಲಾದರು. ಮುಂದಿನ ಸಲ ಪಾಸ್ ಮಾಡಿದರು. ಫೇಲಾದದ್ದನ್ನು ಅಪ್ಪ ಅಷ್ಟು ಸಲೀಸಾಗಿ ಹೇಳಿದ್ದು ನೋಡಿ ನನಗೆ ಗಂಟಲು ಕಟ್ಟಿತು.

ಮೊದಲ ಪಟ್ಟಿಯೇ ಜಾಸ್ತಿ ಭಾರ ಅಂದರು. ನಿನ್ನೆವರೆಗೆ ಒಂದೇ ಬ್ಯಾರಕ್‌ನಲ್ಲಿ ಪಕ್ಕದ ಹಾಸಿಗೆಯಲ್ಲಿ ಮಲಗಿದವನಿಗೆ ಇವತ್ತು ನೀನು ರಾತ್ರಿ ಪಹರೆಗೆ ಹೋಗು ಅನ್ನಬೇಕು. ಅವನು ಸ್ನೇಹಿತ. ಅವನಿಗೂ ನಿದ್ದೆ ಬರುತ್ತಿದೆ. ಆದರೂ ಹೇಳಬೇಕು, ಹೇಳಿ ಅವನ ಊಟ ಆಗಿದೆಯಾ ಅಂತ ನೋಡಿ ಆಮೇಲೆ ತಾನು ಉಣ್ಣಬೇಕು. ಹವಾಲ್ದಾರ್ ಆದ ಮೇಲೆ ಅಪ್ಪ ಜೂನಿಯರ್ ಲೀಡರ್ಸ್ ವಿಂಗ್‌ಗೂ ಹೋಗಿ ಬಂದರು. ಅದು ಮಧ್ಯಪ್ರದೇಶದ ಮಹೂದಲ್ಲಿರುವ ಇನ್‌ಫೆಂಟ್ರಿ ಸ್ಕೂಲಿಗೆ ಸೇರಿದ್ದು, ಇರುವುದು ನಮ್ಮ ಬೆಳಗಾವಿಯಲ್ಲೇ. ಬೆಳಗಾವಿಯವರಿಗೆ ಅದು ಕಮಾಂಡೋ ಟ್ರೇನಿಂಗ್ ಅಂತ ಗೊತ್ತು, ಆದರೆ ಸಣ್ಣ ತುಕಡಿಗಳನ್ನು ನಡೆಸುವವರನ್ನು ತಯಾರು ಮಾಡುವುದೂ ಅಲ್ಲೇ.

ಕಾಕಾ ಗೋಡೆಯ ಮೇಲಿನ ಒಂದು ಹಳೆ ಕ್ಯಾಲೆಂಡರ್ ಚಿತ್ರ ತೋರಿಸಿದರು. ಮರಾಠಾ ರೆಜಿಮೆಂಟಿನವರೇ ಆದ ನಾಯಕ್ ಯಶವಂತ ಘಾಡ್ಗೆ. 1944ರ ಜುಲೈ 10ರಂದು ಇಟಲಿಯಲ್ಲಿ ಮಷಿನ್‌ಗನ್ ದಾಳಿಗೆ ಅವರ ಸೆಕ್ಷನ್ನಿನವರೆಲ್ಲ ಬಿದ್ದರು, ಉಳಿದಿದ್ದು ಸೆಕ್ಷನ್ ಕಮಾಂಡರ್ ಆಗಿದ್ದ ಅವರೊಬ್ಬರೇ. ಒಬ್ಬರೇ ಆ ಗನ್ನಿನ ಮೇಲೆ ನುಗ್ಗಿ ಅದನ್ನು ಬಾಯಿ ಮುಚ್ಚಿಸಿ, ನಂತರ ಗುಂಡೇಟಿಗೆ ಪ್ರಾಣ ಬಿಟ್ಟರು. 22 ವರ್ಷ. ಮರಣೋತ್ತರವಾಗಿ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ತೋಳಿನ ಮೇಲೆ ಇದ್ದದ್ದು ಎರಡು ಪಟ್ಟಿ. ಅಪ್ಪ ಆ ಚಿತ್ರದ ಮುಂದೆ ಎದ್ದು ನಿಂತರು, ನಾನೂ ನಿಂತೆ.

ಅಂಗಡಿಯಲ್ಲಿ ಕೊರತೆ ಇಲ್ಲ ಅಂತಲ್ಲ. ಫ್ರೇಮನ್ನು ಶನಿವಾರ ಕೊಡುತ್ತೇವೆ ಅಂದರು, ಶನಿವಾರ ಹೋದರೆ ಆಗಿರಲಿಲ್ಲ, ಮಂಗಳವಾರ ಮತ್ತೆ ಬರಬೇಕಾಯಿತು. ದೂರದಿಂದ ಬರುವವರಿಗೆ ಇದು ದೊಡ್ಡ ತೊಂದರೆ. ಒಂದು ಫೋನ್ ಮಾಡಿದ್ದರೆ ಒಂದು ದಿನದ ಕೆಲಸ ಉಳಿಯುತ್ತಿತ್ತು. ಇದನ್ನು ಅವರಿಗೇ ಹೇಳಿದೆ, ಒಪ್ಪಿಕೊಂಡು ಫ್ರೇಮಿನ ದುಡ್ಡಿನಲ್ಲಿ ನೂರು ರೂಪಾಯಿ ಬಿಟ್ಟರು. ಫ್ರೇಮಿನ ಗಾಜು ಸಾಧಾರಣದ್ದು, ಟ್ಯೂಬ್‌ಲೈಟ್ ಎದುರಿಗೆ ತೂಗು ಹಾಕಿದರೆ ಬೆಳಕು ಹೊಡೆದು ಮೆಡಲ್ ಕಾಣುವುದಿಲ್ಲ. ಒಳ್ಳೆಯ ಗಾಜು ಬೇಕು ಅಂತ ಮೊದಲೇ ಹೇಳಿ. ಬಿಲ್ ಚೀಟಿಯಲ್ಲಿ ಬರೆದುಕೊಡುತ್ತಾರೆ. ಗಾಡಿ ನಿಲ್ಲಿಸಲು ಜಾಗ ಇಲ್ಲ, ಸ್ವಲ್ಪ ದೂರ ನಿಲ್ಲಿಸಿ ನಡೆದು ಬರಬೇಕು. ಮೆಡಲ್ ಸೆಟ್ಟಿನ ಹಿಂದಿನ ಪಿನ್ ಕೂಡ ಸ್ವಲ್ಪ ಸಡಿಲ, ಬ್ಲೇಜರಿಗೆ ಹಾಕುವಾಗ ಒಳಗಿನಿಂದ ಒಂದು ಸೇಫ್ಟಿ ಪಿನ್ ಕೊಟ್ಟರೆ ಗಟ್ಟಿ ನಿಲ್ಲುತ್ತದೆ.

ಎನ್‌ಸಿಸಿ ಮಕ್ಕಳಿಗೆ ಬೇಕಾದದ್ದೆಲ್ಲ ಸಿಗುತ್ತದೆ, ಬೆರೆ ಟೊಪ್ಪಿಗೆ, ಬೆಲ್ಟ್, ಬೂಟು. ಬೆರೆ ತೆಗೆದುಕೊಂಡರೆ ಅಲ್ಲೇ ನೀರು ಚಿಮುಕಿಸಿ ತಲೆಗೆ ಕೂರಿಸಿ ಮಡಚುವುದನ್ನು ತೋರಿಸಿಕೊಡುತ್ತಾರೆ. ಸಾಂಬ್ರಾದಲ್ಲಿ ಟ್ರೇನಿಂಗ್‌ನಲ್ಲಿರುವ ಏರ್‌ಫೋರ್ಸ್ ಹುಡುಗರು ರಜೆಯ ದಿನ ಬರುತ್ತಾರೆ, ಹಾಗಾಗಿ ಭಾನುವಾರ ಜನ ಜಾಸ್ತಿ. ವಾರದ ನಡುವೆ ಮಧ್ಯಾಹ್ನಕ್ಕೆ ಮೊದಲು ಹೋಗಿ. ಡಿಸ್ಚಾರ್ಜ್ ಬುಕ್ ಮೂಲ ಪ್ರತಿಯನ್ನೇ ಒಯ್ಯಿರಿ, ಮೆಡಲ್ ಕಳೆದಿದ್ದರೆ ಅದನ್ನೂ ಮೊದಲೇ ಹೇಳಿ. ಕಳೆದ ಮೆಡಲಿನ ಜಾಗಕ್ಕೆ ಬಜಾರಿನ ನಕಲು ಹಾಕಲು ಅವರು ಒಪ್ಪುವುದಿಲ್ಲ, ಬರೀ ರಿಬ್ಬನ್ ಹಾಕಿ ಜಾಗ ಬಿಡುತ್ತಾರೆ. ಮತ್ತೆ ಸಾಧ್ಯವಾದರೆ ಮೆಡಲ್ ಯಾರದೋ ಅವರನ್ನೇ ಕರೆದುಕೊಂಡು ಹೋಗಿ. ಅಪ್ಪನಿಗೆ ಮಳೆಯಲ್ಲಿ ಯಾಕೆ ತೊಂದರೆ, ನಾನೊಬ್ಬಳೇ ಹೋಗಿ ಬರುತ್ತೇನೆ ಅಂದಿದ್ದೆ. ಅವರು ಬಂದಿದ್ದು ಒಳ್ಳೆಯದಾಯಿತು.

ಆಗಸ್ಟ್ 15ರ ಬೆಳಿಗ್ಗೆ ಅಪ್ಪ ಐದಕ್ಕೇ ಎದ್ದು ತಯಾರಾಗಿದ್ದರು. ಬ್ಲೇಜರ್, ಬೆರೆ, ಅದರ ಮೇಲೆ ಕಹಳೆ, ಕತ್ತಿ, ಗುರಾಣಿ. ಶಾಲೆಯ ಮೈದಾನದಲ್ಲಿ ಮಕ್ಕಳ ಪರೇಡ್ ನಡೆಸುವ ಒಂಬತ್ತನೇ ಕ್ಲಾಸಿನ ಹುಡುಗಿಯ ಧ್ವನಿ ಹೆದರಿಕೆಗೆ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಧ್ವಜ ಹಾರಿಸಿ, ಭಾಷಣ ಮುಗಿದ ಮೇಲೆ ಅಪ್ಪ ಅವಳನ್ನು ಕರೆದರು. ಮೈದಾನದ ಆ ತುದಿಗೆ ಹೋಗಿ ನಿಲ್ಲು ಅಂದು, ತಾವು ಈ ತುದಿಗೆ ಬಂದು ನಿಂತರು.